ಮಾಳಿಗೆ ರೈತನ ಚಳಿಗಾಲದ ರಜೆ

ಅಮೆರಿಕದ ಮಿನ್ನೆಸೋಟಾದಲ್ಲಿರುವ ನನ್ನ ಷಡ್ಡಕನೂ ರೈತ, ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿರುವ ನಾನೂ ರೈತ. ಅವನಿಗೆ ಮನೆ ಹಿಂದೆ ಉದ್ದಕ್ಕೆ ಮಡಿಗಳಿವೆ. ನನಗಿರುವುದು ಬಾಡಿಗೆ ಮನೆಯ ಮಾಳಿಗೆ, ಅದರ ಮೇಲೆ ಗ್ರೋ ಬ್ಯಾಗು, ಒಡೆದ ಬಕೆಟ್ಟು, ಖಾಲಿ ಪೇಂಟ್ ಡಬ್ಬಿ. ನೀರಾವರಿಯಲ್ಲಿ ಮಾತ್ರ ನಾನು ಒಂದು ಕೈ ಮೇಲು. ನಮ್ಮ ಬೀದರ್ ಜಿಲ್ಲೆ ದಾಟಿ ಹರಿಯುವ ಮಾಂಜ್ರಾ ನದಿಯ ನೀರು ಸಿಂಗೂರು ಜಲಾಶಯ ಹೊಕ್ಕು ಹೈದರಾಬಾದಿನ ನಳಕ್ಕೂ ಬರುತ್ತದೆ. ಊರು ಬಿಟ್ಟವನ ಬೆನ್ನು ಹತ್ತಿ ನದಿಯೇ ಬಂದಿದೆ. ದಿನಾ ಬರುವುದಿಲ್ಲ, ಅಷ್ಟೆ.

ಷಡ್ಡಕನನ್ನು ಕಂಡು ಹೊಟ್ಟೆ ಉರಿಯುವುದು ಚಳಿಗಾಲದಲ್ಲಿ. ಅಕ್ಟೋಬರಿನಲ್ಲಿ ಬೆಳ್ಳುಳ್ಳಿ ಎಸಳು ಊರಿ, ಮೇಲೆ ಒಣಹುಲ್ಲು ಹೊದಿಸಿದನೆಂದರೆ ಮುಗಿಯಿತು. ನೆಲ ಹೆಪ್ಪುಗಟ್ಟಿ, ಏಪ್ರಿಲ್ ಬರುವವರೆಗೆ ಅವನಿಗೂ ಗುದ್ದಲಿಗೂ ಮಾತಿಲ್ಲ. ಸಲಿಕೆಯ ಹಿಡಿಗೆ ಎಣ್ಣೆ ಒರೆಸುತ್ತಾನೆ, ಬೀಜದ ಕಂಪನಿಗಳ ಬಣ್ಣಬಣ್ಣದ ಪುಸ್ತಕ ತಿರುವುತ್ತಾನೆ, ಮುಂದಿನ ವರ್ಷದ ಟೊಮೆಟೊವನ್ನು ಕಾಗದದ ಮೇಲೆ ಬೆಳೆಯುತ್ತಾನೆ. ಹುಳ ಹತ್ತದ ಬೆಳೆ ಅದೊಂದೇ. ‘ಈಗ ಆಫ್ ಸೀಸನ್ ನಡದದ ನೋಡ್ರಿ’ ಎಂದು ರಗ್ಗಿನೊಳಗಿಂದಲೇ ವಿಡಿಯೋ ಕಾಲ್ ಮಾಡುತ್ತಾನೆ.

ನನಗೂ ಒಂದು ಆಫ್ ಸೀಸನ್ ಬೇಕೆನಿಸಿತು. ಅಡಚಣೆ ಏನೆಂದರೆ, ಹೈದರಾಬಾದಿನ ಚಳಿಗಾಲವೇ ತರಕಾರಿಯ ಸುಗ್ಗಿ. ಡಿಸೆಂಬರಿನ ಹಗಲು 28–29 ಡಿಗ್ರಿ, ರಾತ್ರಿ 15ರ ಆಸುಪಾಸು. ಟೊಮೆಟೊ ಕಾಯಿ ಕಟ್ಟಲು ಹೇಳಿ ಮಾಡಿಸಿದ ಹವೆ. ಮೇ ತಿಂಗಳಲ್ಲಿ 40 ದಾಟಿ ಹೂವೆಲ್ಲ ಉದುರಿ, ಮಾಳಿಗೆ ರೊಟ್ಟಿ ಸುಡುವ ಹಂಚಿನಂತಾದಾಗ ನಮಗೆ ನಿಜವಾದ ಬಿಡುವು. ಆದರೆ ಮೇ ತಿಂಗಳಲ್ಲಿ ರಗ್ಗು ಹೊದ್ದು ಪುಸ್ತಕ ಓದುವ ರೈತನನ್ನು ಮನೆಯವರು ನೇರ ಡಾಕ್ಟರ ಬಳಿ ಕರೆದೊಯ್ಯುತ್ತಾರೆ.

ಹಾಗಾಗಿ ಡಿಸೆಂಬರಿನಲ್ಲೇ ಘೋಷಿಸಿದೆ. ‘ನೋಡು, ಚಳಿಗಾಲದಾಗ ರೈತ ವಿಚಾರ ಮಾಡ್ತಾನ, ಕೆಲಸ ಮಾಡಂಗಿಲ್ಲ.’

‘ಉಳಿದ ಕಾಲದಾಗ ಏನು ಮಾಡಿದ್ರಿ?’ ಎಂದಳು ನನ್ನಾಕೆ. ‘ಅವರಿ ಬಳ್ಳಿಗಿ ಕರಿ ಹೇನು ಹತ್ಯಾವ. ಮೊದಲ ಅದರ ವಿಚಾರ ಮಾಡ್ರಿ.’

ಬೇವಿನೆಣ್ಣೆಗೆ ಸಾಬೂನು ನೀರು ಕದಡಿ ಪಿಚಕಾರಿಯಿಂದ ಹೊಡೆದೆ. ಹೇನು ಕದಲಲಿಲ್ಲ. ಗಾಳಿ ಮಾತ್ರ ಆ ವಾಸನೆಯನ್ನು ಪಕ್ಕದ ಹಾಸ್ಟೆಲಿಗೆ ಚಾಚೂ ತಪ್ಪದೆ ಮುಟ್ಟಿಸಿತು. ಜಾವಾ, ಪೈಥಾನ್ ಕಲಿಯಲು ಅಮೀರ್‌ಪೇಟ್‌ಗೆ ಬಂದ ಹುಡುಗರು ಒಣಹಾಕಿದ ಅಂಗಿಗಳನ್ನು ಮೂಸಿ ಮೂಸಿ, ‘ಅಂಕುಲ್, ಏಂಟಿ ಈ ವಾಸನ?’ ಎಂದರು. ಸಾವಯವ ಎಂದೆ. ಕಿಟಕಿ ಹಾಕಿಕೊಂಡರು.

ಅಷ್ಟರಲ್ಲಿ ಟೊಮೆಟೊ ಎಲ್ಲ ಒಟ್ಟಿಗೇ ಹಣ್ಣಾಯಿತು, ರಾಜ್ಯದ ಉಳಿದೆಲ್ಲ ಟೊಮೆಟೊದ ಜೊತೆಗೇ. ದಲ್ಲಾಳಿಯ ಕಾಟವಿಲ್ಲದೆ ರೈತರೇ ಕೂತು ಮಾರಲೆಂದು 1999ರಲ್ಲಿ ಶುರುವಾದ ರೈತು ಬಜಾರು ಇಲ್ಲೇ ಎರ್ರಗಡ್ಡದಲ್ಲೂ ಇದೆ. ಅಲ್ಲಿಯ ರೇಟಿನ ಹಲಗೆ ನೋಡಿ ಬಂದ ನನ್ನಾಕೆ, ನಾನು ಕೊಂಡ ಕೋಕೋಪೀಟು, ಬೇವಿನ ಹಿಂಡಿಯ ಚೀಟಿಗಳನ್ನು ಎದುರಿಗೆ ಹರವಿಕೊಂಡು ಕೂತಳು. ಮುಂದಿನ ಲೆಕ್ಕ ಬೇಡ. ಅದೇ ಬಜಾರಿನಲ್ಲಿ ವಿಕಾರಾಬಾದ್ ಕಡೆಯ ಒಬ್ಬ ಹೆಣ್ಣುಮಗಳ ಎದುರು ನಾನೂ ರೈತನೇ ಎಂದು ಎದೆ ಸೆಟೆಸಿದ್ದೆ. ‘ಎನ್ನಿ ಎಕರಾಲು ಸಾರ್?’ ಎಂದಳು. ಮಾಳಿಗೆ ಎಂದೆ. ಏನೂ ಅನ್ನಲಿಲ್ಲ, ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಹಾಕಿದಳು.

ಇಷ್ಟಾದರೂ ರೈತನಿಗೆ ಹಬ್ಬ ತಪ್ಪುತ್ತದೆಯೇ? ಬೀದರ್, ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳ ಎದ್ದು ನಿಂತಿರುತ್ತದೆ, ಕಡಲೆ ಕಾಯಿ ಹಿಡಿದಿರುತ್ತದೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನು ಹೊಲದ ತುಂಬ ಚರಗವಾಗಿ ಚೆಲ್ಲಿ, ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಅವರೆ, ಕಡಲೆ ಕಾಳು, ಮೆಂತ್ಯೆ, ಬದನೆ, ಗಜ್ಜರಿ ಎಲ್ಲ ಒಂದೇ ಬೋಗುಣಿಯಲ್ಲಿ ಬೆಂದು, ಹುಣಸೆ ಹುಳಿ, ಕಡಲೆ ಹಿಟ್ಟು ಕೂಡಿ ಮಂದವಾಗುತ್ತದೆ. ಮರುದಿನ ಇನ್ನೂ ರುಚಿ.

ನಾವು ಮಾಳಿಗೆಯಲ್ಲೇ ಮಾಡಿದೆವು. ಪಾಂಡವರನ್ನು ಮೆಟ್ರೋ ಕಂಬದ ಬುಡದ ಜಲ್ಲಿಯಿಂದ ಆರಿಸಿ ತಂದೆ. ಭೀಮ ಸಹದೇವನಿಗಿಂತ ಸಣ್ಣವನಾದ. ನಾನು ಮುಂದೆ ಚರಗ ಚೆಲ್ಲುತ್ತ, ಆಕೆ ಹಿಂದೆ ನೀರು ಚಿಮುಕಿಸುತ್ತ ಹೊರಟೆವು. ನಮ್ಮಪ್ಪನಿಗೆ ಹೊಲ ಸುತ್ತಲು ಅರ್ಧ ಹೊತ್ತು ಬೇಕಿತ್ತು. ನನ್ನ ಜಮೀನು ಹತ್ತು ಹೆಜ್ಜೆಗೆ ಮುಗಿಯಿತು, ಎತ್ತಿದ ಕೈ ಮಾತ್ರ ನಿಲ್ಲಲಿಲ್ಲ. ಒಂದು ತುತ್ತು ಭಜ್ಜಿ ಪ್ಯಾರಾಪೆಟ್ ದಾಟಿ, ಕೆಳಗೆ ಮನೆ ಮಾಲೀಕರು ಆಗಷ್ಟೇ ತೊಳೆಸಿ ನಿಲ್ಲಿಸಿದ್ದ ಬಿಳಿ ಕಾರಿನ ಗಾಜಿನ ಮೇಲೆ ಇಳಿಯಿತು.

‘ಏಂಟಿ ಸಾರ್ ಇದಿ?’ ಎಂದು ಅವರು ಮೇಲೆ ಬರುವಷ್ಟರಲ್ಲಿ ನನ್ನಾಕೆ ತಟ್ಟೆ ಬಡಿಸಿದ್ದಳು. ಕೂತರು, ಉಂಡರು, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡರು. ಮುಂದಿನ ಅಮಾವಾಸ್ಯೆಗೂ ಇದೆಯೇ ಎಂದು ವಿಚಾರಿಸಿದರು. ಕಾರಿನ ಮಾತೇ ಮರೆತರೆಂದು ನಾನು ಮೆಲ್ಲಗೆ ರಗ್ಗಿನ ಕಡೆ ಸರಿಯುತ್ತಿದ್ದೆ. ಆಕೆ ಬಕೆಟ್ಟು, ಅರಿವೆ ತಂದು ಕೈಗಿಟ್ಟಳು.

‘ಗಾಜು ಒರಿಸಿ ಬರ್ರಿ. ಸಾಬೂನು ನೀರು ಚೆಲ್ಲಬ್ಯಾಡ್ರಿ, ಮ್ಯಾಲ ತರ್ರಿ. ಹೇನು ಇನ್ನಾ ಅವ.’