ನೀರು ಕುಡಿಯುವ ಟಾರ್ಚು: ಬಳಕೆದಾರರ ಕೈಪಿಡಿ, ಲಿಂಗಸುಗೂರು ಆವೃತ್ತಿ



ಅಭಿನಂದನೆಗಳು. ನೀವು ಇನ್ನೂ ಏನನ್ನೂ ಕೊಂಡಿಲ್ಲ. ಸಾಮಾನ್ಯವಾಗಿ ಕೈಪಿಡಿ ಎಂಬುದು ಡಬ್ಬಿಯೊಳಗೆ, ಥರ್ಮಾಕೋಲಿನ ಅಡಿಯಲ್ಲಿ ಸಿಗುತ್ತದೆ. ಅಂದರೆ ದುಡ್ಡು ಎಣಿಸಿ ಕೊಟ್ಟ ಮೇಲೆ. ಇದನ್ನು ಅದಕ್ಕೂ ಮೊದಲು ಓದಬೇಕು. ಓದಿ ಮುಗಿಯುವ ತನಕ ಜೇಬಿನಿಂದ ಕೈ ಹೊರಗೆ ತೆಗೆಯಬೇಡಿ.

ಈ ಆವೃತ್ತಿ ಯಾರಿಗೆ

ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ದಾರಿಯುದ್ದಕ್ಕೂ ತಗಡಿನ ಶೆಡ್ಡು ಹಾಕಿಕೊಂಡು ಗೇಟು, ಗ್ರಿಲ್ಲು, ಶಟರು, ಟ್ರ್ಯಾಕ್ಟರ್ ಟ್ರಾಲಿ ಮಾಡುತ್ತಿರುವ ಉಸ್ತಾದರಿಗೆ. ಈಗೀಗ ಮನೆ ಕಟ್ಟಿಸುವವರೆಲ್ಲ ಮೆಟ್ಟಿಲಿಗೆ ಸ್ಟೀಲ್ ರೇಲಿಂಗೇ ಬೇಕು ಎನ್ನುತ್ತಾರೆ. ಖಾನಾವಳಿಗೆ ಸ್ಟೀಲ್ ಟೇಬಲ್ಲು, ಅಕ್ಕಿ ಮಿಲ್ಲಿಗೆ ಸ್ಟೀಲ್ ಹಾಪರು. ಹಾಗಾಗಿ ರಾಡು-ಹೋಲ್ಡರಿನ ಪಕ್ಕದಲ್ಲಿ ಒಂದು ಆರ್ಗಾನ್ ಮಷಿನ್ನೂ ಬಂದು ಕೂತಿದೆ. ಪುಸ್ತಕದಲ್ಲಿ ಇದರ ಹೆಸರು ಟಿಗ್. ಅಂಗಡಿಯಲ್ಲಿ ಎಲ್ಲರಿಗೂ ಆರ್ಗಾನ್ ವೆಲ್ಡಿಂಗ್. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ಥ್ರಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬಾತ ಮೆಗ್ನೀಷಿಯಮ್ ಬೆಸೆಯಲು ಕಂಡುಕೊಂಡ ದಾರಿ ಇದು. ಆಗ ಹಾಕಿದ್ದು ಹೀಲಿಯಂ, ಈಗ ಹಾಕುವುದು ಆರ್ಗಾನ್. ವಿಮಾನಕ್ಕೆಂದು ಹುಟ್ಟಿದ್ದು ನಮ್ಮಲ್ಲಿ ಮೆಟ್ಟಿಲು ಹತ್ತಿತು.

ಮಷಿನ್ ಬಂದ ಆರು ತಿಂಗಳಿಗೆ ಯಾರಾದರೂ ಬಂದು ಹೇಳುತ್ತಾರೆ: "ಉಸ್ತಾದ್, ಇನ್ನೂ ಹವಾ ಟಾರ್ಚ್‌ನ್ಯಾಗ ಕೆಲ್ಸ ಮಾಡಾಕತ್ತೀರೇನ್ರಿ? ವಾಟರ್ ಕೂಲ್ಡ್ ತಗೊಳ್ರಿ, ಕೈ ಸುಡಂಗಿಲ್ಲ." ಹೇಳಿದವರು ಸಾಮಾನ್ಯವಾಗಿ ಅದನ್ನೇ ಮಾರುವವರು.

ಮೊದಲು ತಗಡು ಓದಿ

ಮಷಿನ್ನಿನ ಹಿಂದೆ ಒಂದು ಸಣ್ಣ ತಗಡು ಅಂಟಿಸಿರುತ್ತಾರೆ. ಮಸ್ಕಿಯ ಬಂಡೆಯ ಮೇಲಿನ ಬರಹವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಾಣುವ ತನಕ ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಯಾರೆಂದು ಶಾಸನದ ಮಾತಿನಲ್ಲೇ ತೋರಿಸಲು ಆಗಿರಲಿಲ್ಲ; ಅಲ್ಲಿ ಅಶೋಕ ಎಂಬ ಹೆಸರು ಓದಿದರು, ತಕರಾರು ತೀರಿತು. ಈ ತಗಡಿನಲ್ಲೂ ಹಾಗೆ ತಕರಾರು ತೀರಿಸುವ ಸಾಲು ಒಂದೇ ಒಂದು. ಎಕ್ಸ್ ಅಕ್ಷರದ ಎದುರು 35%, 60%, 100% ಎಂದಿರುತ್ತದೆ, ಕೆಳಗೆ ಆಂಪ್. 35%ರ ಕೆಳಗೆ 200 ಆಂಪ್ ಎಂದಿದ್ದರೆ ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಮಾತ್ರ ಸುಡಬಹುದು, ಆರೂವರೆ ನಿಮಿಷ ಮಷಿನ್ ದಮ್ಮು ತಗೊಳ್ಳಬೇಕು. ಟಾರ್ಚಿಗೂ ಇದೇ ಲೆಕ್ಕ. ಆದರೆ ಟಾರ್ಚಿನ ಮೇಲೆ ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಬರೀ ದೊಡ್ಡ ಅಂಕಿ ಬರೆಯುತ್ತಾರೆ.

ಟಾರ್ಚುಗಳ ಅಂಕಿ ಹೀಗಿದೆ. ಹವಾದಲ್ಲಿ ತಣ್ಣಗಾಗುವವು: 9 ನಂಬರು ಸುಮಾರು 125 ಆಂಪಿಗೆ, 17 ನಂಬರು 150ಕ್ಕೆ, 26 ನಂಬರು 200ಕ್ಕೆ. ನೀರಿನವು: 20 ನಂಬರು 250ಕ್ಕೆ, 18 ನಂಬರು 350ಕ್ಕೆ. ಇವು ಡಿಸಿಯ ಮಾತು. ಅಲ್ಯುಮಿನಿಯಮ್ಮಿಗೆಂದು ಎಸಿಗೆ ಹಾಕಿದಿರೋ, 26 ನಂಬರಿನ 200 ಹೋಗಿ 130, ಹೆಚ್ಚೆಂದರೆ 150 ಉಳಿಯುತ್ತದೆ.

ಈಗ ನಿಮ್ಮ ಕೆಲಸದ ಲೆಕ್ಕ ಹಾಕಿ. ಉಕ್ಕಿಗೆ ಮಿಲಿಮೀಟರಿಗೆ ಸುಮಾರು 40 ಆಂಪ್ ಎಂಬುದು ಹಳೆಯ ಅಂದಾಜು. ರೇಲಿಂಗಿನ ಪೈಪು ಒಂದೂಕಾಲು, ಒಂದೂವರೆ ಮಿಲಿಮೀಟರ್ ದಪ್ಪ. 50-60 ಆಂಪಿಗೆ ಮುಗಿಯಿತು. ಹೋಟೆಲ್ ಟೇಬಲ್ಲೂ ಅಷ್ಟೇ. ಮಿಲ್ಲಿನ ಹಾಪರ್ 3 ಮಿಲಿಮೀಟರ್ ಇದ್ದರೂ 120. ಇದಕ್ಕೆಲ್ಲ 17 ನಂಬರು ಸಾಕು. ಜಾಯಿಂಟಿಗೂ ಜಾಯಿಂಟಿಗೂ ನಡುವೆ ಪೈಪು ಕೊಯ್ದು, ಗ್ರೈಂಡರ್ ಹಿಡಿದು, ಚಹಾ ಬಂದು ಹೋಗುವಷ್ಟರಲ್ಲಿ ಅದು ತಾನೇ ತಣ್ಣಗಾಗಿರುತ್ತದೆ.

ನೀರಿನ ಟಾರ್ಚು ನಿಜವಾಗಿ ಬೇಕಾಗುವುದು ಎಲ್ಲಿ? ಸಿಂಧನೂರಿನ ಕಡೆ ಭತ್ತದ ಕಟಾವು ಶುರುವಾದಾಗ. ಹಾರ್ವೆಸ್ಟರಿನ ಅಲ್ಯುಮಿನಿಯಮ್ ಆಯಿಲ್ ಕೂಲರ್ ಸೀಳುತ್ತದೆ, ಲಾರಿಯ ಅಲ್ಯುಮಿನಿಯಮ್ ಟ್ಯಾಂಕು ಸೋರುತ್ತದೆ, ಯಾವುದೋ ಹೌಸಿಂಗ್ ಬಿರುಕು ಬಿಡುತ್ತದೆ. ದಪ್ಪ ಎರಕದ ಅಲ್ಯುಮಿನಿಯಮ್ ಶಾಖವನ್ನು ನುಂಗುತ್ತಲೇ ಇರುತ್ತದೆ. 180, 200, 220 ಆಂಪ್, ಅದೂ ಎಸಿ, ಅದೂ ನಿಲ್ಲಿಸದೆ. ಹೊಲದಲ್ಲಿ ಮಷಿನ್ ನಿಂತಿದೆ, ಮಾಲೀಕ ತಲೆಯ ಮೇಲೆ ನಿಂತಿದ್ದಾನೆ. ಅಲ್ಲಿ 26 ನಂಬರಿನ ಹಿಡಿಕೆ ಕೈಗವಸು ದಾಟಿ ಬೆರಳಿಗೆ ಬರುತ್ತದೆ. ಅಂಥ ಕೆಲಸ ವಾರಕ್ಕೆ ಎರಡು ಸಲ ಬರುತ್ತಿದ್ದರೆ ಮುಂದೆ ಓದಿ. ವರ್ಷಕ್ಕೆ ಎರಡು ಸಲವಾದರೆ ಕೈಪಿಡಿ ಮಡಚಿಟ್ಟು ಹತ್ತು ನಿಮಿಷಕ್ಕೊಮ್ಮೆ ಬೀಡಿ ಹಚ್ಚಿ. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ, ಒಂದು ದಿನ ಅಲ್ಲಿನ ಕೆಲಸ ಸಿಕ್ಕೀತು ಎಂಬ ಆಸೆಗೆ 350 ಆಂಪಿನ ಟಾರ್ಚು ಕೊಳ್ಳಬೇಡಿ. ಕೆಲಸ ಸಿಗಲಿ, ಆಮೇಲೆ ಕೊಂಡರಾಯಿತು.

20 ನಂಬರೋ 18 ನಂಬರೋ ಎಂಬುದಕ್ಕೆ ಕಂಪನಿಗಳು ಎರಡು ಪುಟ ಬರೆಯುತ್ತವೆ. 20 ಸಣ್ಣದು, ಹಗುರ, ಸಂದಿಯೊಳಗೆ ನುಗ್ಗುತ್ತದೆ. ಆದರೆ ಅದರ ಕಪ್ಪು, ಕಾಲೆಟ್ಟು 9 ನಂಬರಿನವು. 18ಕ್ಕೆ ಕೂರುವುದು 17, 26ರ ಕಪ್ಪು-ಕಾಲೆಟ್ಟೇ, ಅವು ಈಗಾಗಲೇ ನಿಮ್ಮ ಡಬ್ಬಿಯಲ್ಲಿವೆ. ಭಾನುವಾರ ಸಂಜೆ ಸೆರಾಮಿಕ್ ಕಪ್ಪು ಒಡೆದಾಗ ಇದರ ಬೆಲೆ ತಿಳಿಯುತ್ತದೆ. ಲಿಂಗಸುಗೂರಿಗೆ 18.

ಒಳಗೆ ಏನಿದೆ

ಹವಾ ಟಾರ್ಚಿನಲ್ಲಿ ದಪ್ಪ ತಾಮ್ರದ ಕೇಬಲ್ ಇರುತ್ತದೆ. ನೀರಿನ ಟಾರ್ಚು ಹಗುರವಾಗಿ ಕೈಗೆ ಹಿತವಾಗಲು ಕಾರಣ, ಅದರ ತಾಮ್ರ ತೆಳು. ಅಷ್ಟು ತೆಳುವಾದ ತಂತಿ ಅಷ್ಟೊಂದು ಕರೆಂಟು ಹೊರುವುದು ಹೇಗೆಂದರೆ, ಅದು ಮಲಗಿರುವುದೇ ನೀರಿನ ಪೈಪಿನೊಳಗೆ. ನೀರು ಒಂದು ಪೈಪಿನಲ್ಲಿ ಟಾರ್ಚಿನ ತಲೆಗೆ ಹೋಗಿ, ಅಲ್ಲಿನ ಶಾಖ ಹೊತ್ತು, ತಂತಿ ಇರುವ ಪೈಪಿನಲ್ಲಿ ವಾಪಸು ಬರುತ್ತದೆ. ನೀರು ನಿಂತಿತೋ, ತಂತಿ ಬೆತ್ತಲಾಯಿತು. ತುಂಬು ಆಂಪಿನಲ್ಲಿ ಪೈಪು ಉಬ್ಬಿ ಒಡೆಯಲು ನೀವು ಹೆಲ್ಮೆಟ್ ಎತ್ತಿ "ಯಾಕೋ ವಾಸ್ನೆ ಬರ್ತದಲ್ಲ" ಅನ್ನುವಷ್ಟು ಹೊತ್ತು ಸಾಕು.

ಕೂಲರ್ ಆರಿಸುವುದು

ಟ್ಯಾಂಕು, ಪಂಪು, ರೇಡಿಯೇಟರು, ಫ್ಯಾನು: ಇಷ್ಟೇ ಕೂಲರ್. ಇದರ ತಗಡಿನ ಮೇಲೆ ಒಂದು ಕಿಲೋವ್ಯಾಟ್, ಒಂದೂವರೆ ಕಿಲೋವ್ಯಾಟ್ ಎಂದಿರುತ್ತದೆ. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ನಿಮಿಷಕ್ಕೆ 1 ಲೀಟರ್, 25 ಡಿಗ್ರಿ ಎಂದೂ ಇರುತ್ತದೆ. 25 ಡಿಗ್ರಿ ಎಂದರೆ ಸುತ್ತಲ ಗಾಳಿಯ ಬಿಸಿ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್ ಮಧ್ಯಾಹ್ನ 25 ಡಿಗ್ರಿ ಎಲ್ಲಿದೆ ಎಂದು ಕಂಪನಿಯವರನ್ನೇ ಕೇಳಿ. ಮಷಿನ್ನಿನ ಅಳತೆ ಮಾಡುವಾಗ 40 ಡಿಗ್ರಿ ಹಿಡಿಯುತ್ತಾರೆ, ಕೂಲರಿಗೆ 25. ಒಂದೇ ಶೆಡ್ಡಿನ ಎರಡು ಡಬ್ಬಿಗೆ ಎರಡು ಹವಾಮಾನ.

ರೇಡಿಯೇಟರ್ ಶಾಖ ಬಿಡುವುದು ನೀರಿನ ಬಿಸಿಗೂ ಗಾಳಿಯ ಬಿಸಿಗೂ ಇರುವ ಅಂತರದ ಲೆಕ್ಕದಲ್ಲಿ. ನೀರು 65 ಡಿಗ್ರಿ ದಾಟಬಾರದು ಎಂದಿಟ್ಟುಕೊಳ್ಳಿ. ಗಾಳಿ 25 ಇದ್ದರೆ ಅಂತರ 40. ತಗಡಿನ ಶೆಡ್ಡಿನಲ್ಲಿ 43 ಇದ್ದರೆ ಅಂತರ 22. ಒಂದು ಕಿಲೋವ್ಯಾಟ್ ಎಂದು ಕೊಂಡದ್ದು ನಮ್ಮೂರಿಗೆ ಬಂದು 550 ವ್ಯಾಟ್ ಆಯಿತು. ಆದ್ದರಿಂದ ನಿಯಮ: ಮಾರುವವರು ಸಾಕು ಎಂದ ಕೂಲರಿಗಿಂತ ಒಂದು ಸೈಜು ದೊಡ್ಡದು ತಗೊಳ್ಳಿ, ಹಾಗೂ ಅದನ್ನು ಗೋಡೆಗೆ ಮುಖ ಮಾಡಿ ಇಡಬೇಡಿ. ಗ್ರೈಂಡರಿನ ಕಿಡಿ-ಧೂಳು ಹಾರುವ ಕಡೆಯಂತೂ ಬೇಡವೇ ಬೇಡ. ರೇಡಿಯೇಟರಿನ ಸಂದಿ ತುಂಬಿದ ಮೇಲೆ ಫ್ಯಾನು ತಿರುಗಿದ್ದೂ ದಂಡ.

ಇಲ್ಲಿ ಸ್ವಂತ ಬುದ್ಧಿಯವರಿಗೆ ಎರಡು ಮಾತು. ಬೇಸಿಗೆಯ ಏರ್ ಕೂಲರಿನ ಪಂಪನ್ನು ಬಕೆಟ್ಟಿನಲ್ಲಿ ಮುಳುಗಿಸಿ ಟಾರ್ಚಿಗೆ ಕೊಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಆ ಪಂಪು ನೀರನ್ನು ಒಂದಾಳು ಎತ್ತರಕ್ಕೆ ಹೇಗೋ ಏರಿಸುತ್ತದೆ. ಬೆರಳಿಗಿಂತ ಸಣ್ಣ ಪೈಪಿನಲ್ಲಿ ನಾಲ್ಕು ಮೀಟರ್ ಹೋಗಿ ನಾಲ್ಕು ಮೀಟರ್ ಬರುವಷ್ಟು ಒತ್ತಡ ಅದಕ್ಕಿಲ್ಲ. ಇನ್ನು ನಳಕ್ಕೇ ಜೋಡಿಸಿ ಬಿಸಿ ನೀರನ್ನು ಗಟಾರಕ್ಕೆ ಬಿಡುವ ಪದ್ಧತಿ. ನಿಮಿಷಕ್ಕೆ ಒಂದು ಲೀಟರ್ ಎಂದರೆ ಎಂಟು ತಾಸಿಗೆ 480 ಲೀಟರ್, ಅಂದರೆ 15 ಲೀಟರಿನ 32 ಕೊಡ. ಓಣಿಯವರು ಕೊಡ ಹಿಡಿದು ಸಾಲಿನಲ್ಲಿ ನಿಂತಿರುವಾಗ ಇದನ್ನು ಮಾಡಿ ನೋಡುವ ಧೈರ್ಯವಿದ್ದವರಿಗೆ ಈ ಕೈಪಿಡಿ ಅಗತ್ಯವಿಲ್ಲ.

ಯಾವ ನೀರು

ಬೋರಿನ ನೀರು ಬೇಡ. ನಿಮ್ಮ ಮನೆಯ ಗೀಜರ್ ಕಾಯಿಲಿನ ಮೇಲೆ ಕೂತ ಬಿಳಿ ಪದರ ನೋಡಿದ್ದೀರಲ್ಲ, ಟಾರ್ಚಿನ ತಲೆಯೊಳಗಿನ ದಾರಿ ಕಡ್ಡಿಯಷ್ಟು ಸಣ್ಣದು, ಅಲ್ಲಿ ಆ ಪದರ ಕೂತರೆ ಮುಗಿಯಿತು. ಉಪ್ಪಿನ ನೀರು ಕರೆಂಟನ್ನೂ ಹಾಯಿಸುತ್ತದೆ. ಆರ್ಕ್ ಹೊತ್ತಿಸುವ ಹೈ ಫ್ರೀಕ್ವೆನ್ಸಿ ನೀರಿನಲ್ಲೇ ಸೋರಿ ಕಿಡಿ ಹತ್ತುವುದೇ ಇಲ್ಲ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕದ್ದು ಇದಕ್ಕಿಂತ ವಾಸಿ, ಆದರೂ ಅದು ಕುಡಿಯಲು. ಟಾರ್ಚಿಗೆ ಬೇಕಾದದ್ದು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು. ಕಾರಿನ ಹಸಿರು ಕೂಲೆಂಟ್ ಹಾಕಬೇಡಿ: ಅದೂ ಕರೆಂಟು ಹಾಯಿಸುತ್ತದೆ, ಕೆಲವದರಲ್ಲಿ ಸೋರಿಕೆ ಮುಚ್ಚುವ ಮದ್ದಿರುತ್ತದೆ, ಅದು ಮೊದಲು ಮುಚ್ಚುವುದು ನಿಮ್ಮ ಟಾರ್ಚಿನ ದಾರಿಯನ್ನೇ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ವೆಲ್ಡಿಂಗಿಗೆಂದೇ ಮಾಡಿದ ಕೂಲೆಂಟ್ ಬರುತ್ತದೆ.

ಮೇ ತಿಂಗಳಲ್ಲಿ ಈ ಸಂಭಾಷಣೆ ನಡೆದೇ ನಡೆಯುತ್ತದೆ:

"ಉಸ್ತಾದ್, ಟ್ಯಾಂಕಿನ್ಯಾಗ ಎರಡು ಬರ್ಫದ ಗಡ್ಡಿ ಹಾಕ್ಲೇನ್ರಿ?"

"ಹಾಕಬ್ಯಾಡಲೇ ತಮ್ಮಾ. ಟಾರ್ಚ್ ಬೆವತ್ರ ಅದರ ನೀರು ಎಲ್ಲಿಗೆ ಹೋಗ್ತದ?"

ಉಸ್ತಾದರು ಹೇಳಿದ್ದೇ ಸರಿ. ಗಾಳಿಗಿಂತ ತೀರ ತಣ್ಣಗಿನ ನೀರು ಹರಿದರೆ ಟಾರ್ಚಿನ ಒಳಗೂ ಹೊರಗೂ ಹನಿಗಟ್ಟುತ್ತದೆ, ಮಳೆಗಾಲದಲ್ಲಂತೂ ಖಂಡಿತ. ಆ ತೇವ ಬೆಸುಗೆಗೆ ಹೋಗಿ ಅಲ್ಯುಮಿನಿಯಮ್ಮಿನಲ್ಲಿ ಸೂಜಿಮೊನೆಯ ತೂತುಗಳಾಗುತ್ತವೆ. ಕೂಲರಿನ ಕೆಲಸ ಶಾಖ ಒಯ್ಯುವುದು, ಟಾರ್ಚನ್ನು ಕೋಲ್ಡ್ ಡ್ರಿಂಕ್ ಮಾಡುವುದಲ್ಲ.

ಪ್ರತಿ ಸೋಮವಾರ ಮಾಡಬೇಕಾದದ್ದು

ವಾಪಸು ಬರುವ ಪೈಪನ್ನು, ಸಾಮಾನ್ಯವಾಗಿ ಕೆಂಪು, ಕೂಲರಿನಿಂದ ಬಿಚ್ಚಿ. ವೆಲ್ಡಿಂಗ್ ಮಷಿನ್ ಬಂದ್ ಇರಲಿ, ಕೂಲರ್ ಮಾತ್ರ ಚಾಲೂ. ಪೈಪಿನ ಬಾಯಿಗೆ ಒಂದು ಲೀಟರಿನ ನೀರಿನ ಬಾಟಲಿ ಹಿಡಿದು ಮೊಬೈಲಿನಲ್ಲಿ ಗಡಿಯಾರ ಒತ್ತಿ. ಮೊದಲು ಎರಡು ಗುಳ್ಳೆ ಕೆಮ್ಮುತ್ತದೆ, ಆಮೇಲೆ ಪೆನ್ಸಿಲಿನಷ್ಟು ದಪ್ಪದ ಧಾರೆ ಬರಬೇಕು. ನಿಮಿಷದೊಳಗೆ ಬಾಟಲಿ ತುಂಬಿದರೆ ಜೋಡಿಸಿ ಕೆಲಸ ಶುರು ಮಾಡಿ. ತುಂಬದಿದ್ದರೆ ಫಿಲ್ಟರ್ ಬಿಚ್ಚಿ. ಬಿಸಿಲು ಬೀಳುವ ಕಡೆ ಇಟ್ಟ ಟ್ಯಾಂಕಿನಲ್ಲಿ ಹಸಿರು ಪಾಚಿ ಲೋಳೆಯಾಗಿ ಜಾಲರಿಗೆ ಅಂಟಿರುತ್ತದೆ. ಬಾಟಲಿಯ ನೀರನ್ನು ಟ್ಯಾಂಕಿಗೇ ವಾಪಸು ಹಾಕಿ. ಹುಡುಗರ ಕೈಗೆ ಸಿಗುವ ಕಡೆ ಇಡಬೇಡಿ, ಯಾರಾದರೂ ಕುಡಿದುಬಿಟ್ಟಾರು.

ಎಚ್ಚರಿಕೆ

ಒಳ್ಳೆಯ ಕೂಲರಿನಲ್ಲಿ ನೀರಿನ ಹರಿವು ನೋಡುವ ಸ್ವಿಚ್ ಇರುತ್ತದೆ. ಹರಿವು ಕಡಿಮೆಯಾದರೆ ಅದು ಮಷಿನ್ ನಿಲ್ಲಿಸುತ್ತದೆ. ಅದು ಪದೇ ಪದೇ ನಿಲ್ಲಿಸತೊಡಗಿದಾಗ ರಿಪೇರಿಯವ ಬಂದು ಎರಡು ತಂತಿ ಹಿಡಿದು ಗಂಟು ಹಾಕಿ, "ಈಗ ನೋಡ್ರಿ, ಕಿರಿಕಿರಿನೇ ಇಲ್ಲ" ಎನ್ನುತ್ತಾನೆ. ಕಿರಿಕಿರಿ ಇಲ್ಲ ನಿಜ. ಇನ್ನೊಂದು ತಿಂಗಳಿಗೆ ಟಾರ್ಚೂ ಇಲ್ಲ. ಆ ಗಂಟು ಹಾಕಲು ಬಿಡಬೇಡಿ. ಸ್ವಿಚ್ಚೇ ಇಲ್ಲದ ಕೂಲರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನೊಂದು ನಮ್ಮ ಕಡೆಯದೇ ಆದ ಅಪಾಯ. ಮಷಿನ್ ಮೂರು ಫೇಸಿನದು, ಕೂಲರ್ ಒಂದು ಫೇಸಿನದು. ಕರೆಂಟು ಹೋದಾಗ ಮಷಿನ್ನನ್ನು ಜನರೇಟರಿಗೆ ತಿರುಗಿಸುತ್ತೀರಿ. ಕೂಲರಿನ ವೈರು ಪಕ್ಕದ ಮನೆಯ ಪ್ಲಗ್ಗಿನಲ್ಲೇ ಉಳಿದಿರುತ್ತದೆ. ಆ ಸ್ವಿಚ್ಚಿಗೆ ಗಂಟು ಬಿದ್ದಿದ್ದರೆ ಆರ್ಕ್ ಹೊತ್ತುತ್ತದೆ, ನೀರು ಮಾತ್ರ ಇಲ್ಲ. ಜನರೇಟರಿನ ಸದ್ದಿನಲ್ಲಿ ಫ್ಯಾನು ನಿಂತದ್ದು ಯಾರ ಕಿವಿಗೂ ಬೀಳುವುದಿಲ್ಲ. ಎರಡಕ್ಕೂ ಒಂದೇ ಬೋರ್ಡು, ಒಂದೇ ಮೇನ್ ಸ್ವಿಚ್ ಇರಲಿ.

ಗ್ಯಾರಂಟಿ

ನೀರಿಲ್ಲದೆ ಸುಟ್ಟ ಟಾರ್ಚಿಗೆ ಗ್ಯಾರಂಟಿ ಸಿಕ್ಕೀತೆಂದು ಕಾಯಬೇಡಿ.

ಕೊನೆಯ ಪುಟ

ಹದಿನೈದು ದಿನ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ: ಯಾವ ಕೆಲಸ, ಎಷ್ಟು ಆಂಪ್, ಒಂದೇ ಸಮನೆ ಎಷ್ಟು ನಿಮಿಷ. 150 ದಾಟಿದ ಸಾಲುಗಳು ಅರ್ಧದಷ್ಟಾದರೂ ಇದ್ದರೆ 18 ನಂಬರಿನ ಟಾರ್ಚು, ಒಂದು ಸೈಜು ದೊಡ್ಡ ಕೂಲರ್, ಒಂದು ಕ್ಯಾನು ಬ್ಯಾಟರಿ ನೀರು ತನ್ನಿ. ಇಲ್ಲವಾದರೆ 26 ನಂಬರಿನ ಹವಾ ಟಾರ್ಚು ಕೊಂಡು, ಉಳಿದ ದುಡ್ಡಿನಲ್ಲಿ ಇನ್ನೊಂದು ಆರ್ಗಾನ್ ಸಿಲಿಂಡರ್ ತುಂಬಿಸಿಡಿ. 7 ಘನ ಮೀಟರಿನ ಸಿಲಿಂಡರು ನಿಮಿಷಕ್ಕೆ 10 ಲೀಟರಿನಂತೆ ಹನ್ನೆರಡು ತಾಸೂ ಬರುವುದಿಲ್ಲ, ಹಾಗೂ ಅದು ಯಾವಾಗಲೂ ಕೊನೆಯ ಜಾಯಿಂಟಿನಲ್ಲೇ ಮುಗಿಯುತ್ತದೆ.