ಕಣ್ಣು ಬಿಟ್ಟ ಎಕ್ಸ್‌ಪಿ

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನವರು 2014ರ ಏಪ್ರಿಲ್ 8ರಂದೇ ಎಳ್ಳುನೀರು ಬಿಟ್ಟರು. ಸಿದ್ಧಾರ್ಥನಗರದ ನಮ್ಮ ಮನೆ ಆ ಸೂತಕವನ್ನು ಆಚರಿಸಿಲ್ಲ. ಚಾಮುಂಡಿ ಬೆಟ್ಟ ಕಾಣುವ ಕಿಟಕಿಯ ಪಕ್ಕ ಎಕ್ಸ್‌ಪಿಯ ಕಂಪ್ಯೂಟರ್ ಪೆಟ್ಟಿಗೆ ಈಗಲೂ ಗೊರಗೊರ ಎನ್ನುತ್ತ ಏಳುತ್ತದೆ, ಹಸಿರು ಗುಡ್ಡ, ನೀಲಿ ಆಕಾಶ ತೋರಿಸುತ್ತದೆ. ‘ಗುಡ್ಡ ನೋಡೋಕೆ ಕರೆಂಟು ಯಾಕೆ, ಪರದೆ ಸರಿಸಿ ನೋಡಿ’ ಎನ್ನುವುದು ನಮ್ಮಾಕೆಯ ವಾದ.

ನಾನು ಅದನ್ನು ಇಟ್ಟುಕೊಂಡಿರುವುದು ಗುಡ್ಡಕ್ಕಲ್ಲ, ಒಳಗಿರುವ ಎಕ್ಸ್‌ಮಿಂಗ್ ಎಂಬ ಹಳೆಯ ಎಕ್ಸ್ ಸರ್ವರ್‌ಗಾಗಿ. ಪರದೆಯ ಮೇಲೆ ಕಿಟಕಿ ತೆರೆಯುವ ಈ ಎಕ್ಸ್ ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಅದಕ್ಕೆ ಮೊದಲು ‘ಡಬ್ಲ್ಯು’ ಅಂತೊಂದಿತ್ತು. ಮುಂದಿನ ಅಕ್ಷರ ಎಕ್ಸ್. ನಾಮಕರಣಕ್ಕೆ ಅವರು ತಲೆ ಕೆಡಿಸಿಕೊಂಡದ್ದು ಅಷ್ಟೇ. 1987ರ ಹನ್ನೊಂದನೆಯ ಆವೃತ್ತಿಯೇ ಇನ್ನೂ ನಡೆಯುತ್ತಿದೆ, ವೇಲ್ಯಾಂಡ್ ಎಂಬ ಹೊಸ ಯಜಮಾನ ಬಂದು ಅದನ್ನು ಹೊರಗೆ ಕಳಿಸುತ್ತಿದ್ದರೂ.

ಎಕ್ಸ್‌ನ ಸೊಗಸೆಂದರೆ ಪ್ರೋಗ್ರಾಮ್ ಓಡುವುದು ಒಂದು ಯಂತ್ರದಲ್ಲಿ, ಅದರ ಕಿಟಕಿ ತೆರೆಯುವುದು ಇನ್ನೊಂದರಲ್ಲಿ. ಇಲ್ಲಿ ಸರ್ವರ್ ಅಂದರೆ ದೂರದ ದೊಡ್ಡ ಯಂತ್ರವಲ್ಲ. ನಮ್ಮೆದುರೇ ಕೂತು ಪರದೆ, ಕೀಬೋರ್ಡು, ಮೌಸುಗಳ ಚಾಕರಿ ಮಾಡುವುದೇ ಸರ್ವರ್. ಮಗನ ಕೋಣೆಯ ಲಿನಕ್ಸ್ ಲ್ಯಾಪ್‌ಟಾಪು ಅದರ ಗಿರಾಕಿ. ‘ಮನೆಯ ಹಿರಿಯ ಕಿರಿಯನ ಸೇವೆಗೆ ನಿಂತಿದ್ದಾನೆ ನೋಡು’ ಎಂದು ಮಗನಿಗೆ ವಿವರಿಸುತ್ತಿದ್ದೆ. ‘ಅದರಲ್ಲಿ ಹೊಸದೇನು?’ ಎಂದು ಅಡುಗೆಮನೆಯಿಂದ ಉತ್ತರ ಬಂತು.

ಈ ಎರಡು ಯಂತ್ರಗಳನ್ನು ಪರಸ್ಪರ ಮಾತಾಡಿಸುವುದು ಮಾತ್ರ ಸುಲಭವಲ್ಲ. ಎಕ್ಸ್‌ಪಿಯಲ್ಲಿದ್ದ ಪುಟ್ಟಿ ಎಂಬ ಹಳೆಯ ಸಂಪರ್ಕ ತಂತ್ರಾಂಶ ತನಗೆ ಗೊತ್ತಿದ್ದ ಗೂಢಲಿಪಿಯಲ್ಲಿ ಬಾಗಿಲು ತಟ್ಟಿದರೆ, ಹೊಸ ಲಿನಕ್ಸ್ ‘ಇದನ್ನೆಲ್ಲ ನಾವೀಗ ನಂಬುವುದಿಲ್ಲ’ ಎಂದು ಹೊಸ್ತಿಲಿಂದಲೇ ಕಳಿಸಿತು. ಕೊನೆಗೆ ಎರಡರ ನಡುವೆ ನೇರವಾಗಿ ಕೇಬಲ್ ಎಳೆದೆ. ಇಂಟರ್‌ನೆಟ್ಟಿನ ಸಹವಾಸವೇ ಬೇಡ. ವರ್ಷಗಟ್ಟಲೆ ಚುಚ್ಚುಮದ್ದು ಕಾಣದ ಯಂತ್ರವನ್ನು ಊರಾಡಲು ಬಿಡುವ ಹಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಪಿಯ ವಿಳಾಸ ಬರೆದು, ಕೊನೆಗೊಂದು ಕೋಲನ್, ಒಂದು ಸೊನ್ನೆ. ಆ ಸೊನ್ನೆ ಅಂದರೆ 6000ನೆಯ ಪೋರ್ಟು. ಎಕ್ಸ್‌ಪಿಯ ಫೈರ್‌ವಾಲ್ ಅದಕ್ಕೇ ಅಗಣಿ ಹಾಕಿ ಕೂತಿತ್ತು. ತೆಗೆಸಿದೆ.

ಮೊದಲು ಬಂದದ್ದು ಎಕ್ಸ್‌ಐಸ್: ಎರಡು ದೊಡ್ಡ ಕಣ್ಣುಗಳು, ಮೌಸು ಹೋದ ಕಡೆಗೆಲ್ಲ ಗುಡ್ಡೆ ತಿರುಗಿಸುತ್ತವೆ. ಬೇರೆ ಉದ್ಯೋಗವಿಲ್ಲ. ಕಸ ಗುಡಿಸುವಾಕೆ ಪೊರಕೆ ಹಿಡಿದೇ ನಿಂತು ನೋಡಿ, ‘ಒಳ್ಳೇದಾಯ್ತು ಬಿಡಿ, ದೃಷ್ಟಿಗೊಂಬೆ ಕಟ್ಟಿದಂಗಾಯ್ತು’ ಅಂದಳು. ಬ್ರೌಸರ್ ಕರೆದರೆ ಬರೀ ಚೌಕಟ್ಟು ಬಂತು. ಒಳಗಿನದು ಬರುವಷ್ಟರಲ್ಲಿ ಕಾಫಿ ಆರಿತ್ತು.

ಕನ್ನಡದ ಪರೀಕ್ಷೆಗೆ ನಮ್ಮ ಬಡಾವಣೆಯ ಹೆಸರೇ ಸಾಕು: ಮಹಾಪ್ರಾಣದ ಒತ್ತೂ ಇದೆ, ಅರ್ಕಾವತ್ತೂ ಇದೆ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಕಿಟಕಿಯಲ್ಲಿ ‘ಸಿದ್ಧಾರ್ಥನಗರ’ ಎಂದು ಬರೆದರೆ ಖಾಲಿ ಚೌಕಗಳ ಸಾಲು ಬಂತು. ಅದರ ಚುಕ್ಕಿ ಅಕ್ಷರಗಳ ಫಾಂಟಿಗೆ ಕನ್ನಡವೇ ಗೊತ್ತಿಲ್ಲ. ಅದನ್ನೇ ಲ್ಯಾಪ್‌ಟಾಪಿನ ಎಡಿಟರ್‌ನಲ್ಲಿ ಬರೆದು ಕಿಟಕಿಯನ್ನು ಇತ್ತ ಕಳಿಸಿದರೆ, ದಾ ಕೆಳಗೆ ಧ ಒತ್ತು ಅಚ್ಚುಕಟ್ಟಾಗಿ ಕೂತು, ಥದ ಬಲಕ್ಕೆ ಅರ್ಕಾವತ್ತು ಬಾಲ ಆಡಿಸುತ್ತ ಬಂತು. ಅಕ್ಷರ ಜೋಡಿಸುವ ಕೆಲಸ ಪ್ರೋಗ್ರಾಮಿನ ಕಡೆಯೇ ಮುಗಿದಿರುತ್ತದೆ. ಸರ್ವರ್‌ಗೆ ಬರುವುದು ಬರೀ ಆಕಾರ. ಕನ್ನಡದ ಗಂಧವಿಲ್ಲದ ಮುದುಕ ಹೀಗೆ ಒಂದು ತಪ್ಪಿಲ್ಲದೆ ಕನ್ನಡ ತೋರಿಸುತ್ತಾನೆ. ಈ ಉಪಾಯ ನಮ್ಮ ಕೆಲವು ಭಾಷಣಕಾರರಿಗೂ ಗೊತ್ತಿದೆ.

ಅರ್ಜಿ ಹಿಡಿದು ಕಚೇರಿಗಳನ್ನು ಸುತ್ತಿ, ಲಲಿತಮಹಲ್ ರಸ್ತೆಯಿಂದ ಕಾಫಿಗೆಂದು ಇತ್ತ ತಿರುಗಿದ ಗೆಳೆಯನಿಗೆ ಇದನ್ನೆಲ್ಲ ತೋರಿಸಿದೆ. ‘ಲ್ಯಾಪ್‌ಟಾಪಲ್ಲೇ ನೋಡಬಹುದಿತ್ತಲ್ಲ?’ ಅಂದ. ಅರ್ಜಿ ಹಿಡಿದು ಓಡಾಡುವವನಿಗೆ ನೇರ ದಾರಿಯ ಮೇಲೆ ಇನ್ನೂ ಇಷ್ಟು ನಂಬಿಕೆ!

ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿರುವುದರಿಂದ ಎಕ್ಸ್‌ಪಿ ಪ್ರತಿಸಲ ಏಳುವುದು 2002ರ ಜನವರಿ 1ಕ್ಕೆ. ಎಕ್ಸ್‌ಕ್ಲಾಕ್ ಎಂಬ ಗಡಿಯಾರ ಓಡುವುದು ಲ್ಯಾಪ್‌ಟಾಪಿನಲ್ಲಾದ್ದರಿಂದ ಅದು ತೋರಿಸುವುದು ಅಲ್ಲಿಯ ಹೊತ್ತು. ಹೀಗಾಗಿ ಒಂದೇ ಪರದೆಯ ಮೂಲೆಯಲ್ಲಿ 2002, ನಡುವೆ ಇವತ್ತು. ಮೂಲೆಯ ಲೆಕ್ಕದಲ್ಲಿ ನನಗೆ ಇನ್ನೂ ತಲೆತುಂಬ ಕೂದಲು. ಹೊಸ ಬ್ಯಾಟರಿ ತರುತ್ತೇನೆಂದ ಮಗನಿಗೆ ಬೇಡವೆಂದೆ. ನಮ್ಮಾಕೆ ರಾಹುಕಾಲ ನೋಡುವುದು ಎಕ್ಸ್‌ಕ್ಲಾಕಿನಲ್ಲಿ. ತರಕಾರಿಗೆ ಹೊರಡಿ ಎಂದಾಗ ನಾನು ನೋಡುವುದು ಮೂಲೆಯದನ್ನು: ‘ಇನ್ನೂ ಬೇಕಾದಷ್ಟು ಟೈಮಿದೆ ಕಣೇ.’