ತೇಪೆ ಮೀಮಾಂಸೆ: ಆವತಿಯ ಬಂಡಿಯಿಂದ ಟೆಂಪೋವರೆಗೆ

ದೂರದ ಪ್ರಯಾಣಕ್ಕೆ ಹೊರಟ ವಾಹನದ ಸೋರುವ ಮೇಲ್ಛಾವಣಿಯನ್ನು ಹೊರಡುವ ಹಿಂದಿನ ದಿನ ಸಂಜೆ ಸರಿಪಡಿಸುವ ಕ್ರಿಯೆಗೆ ಈ ಪ್ರಬಂಧದಲ್ಲಿ ‘ಪ್ರಯಾಣಪೂರ್ವ ತೇಪೆ’ ಎಂಬ ಪಾರಿಭಾಷಿಕ ಪದವನ್ನು ಬಳಸಲಾಗಿದೆ. ‘ಹಿಂದಿನ ದಿನ ಸಂಜೆ’ ಎಂಬ ವಿಶೇಷಣವನ್ನು ಕೈಬಿಟ್ಟರೆ ಅತಿವ್ಯಾಪ್ತಿ, ಅಂದರೆ ಲಕ್ಷಣವು ಹೇಳಬೇಕಾದ ವಸ್ತುವನ್ನು ಮೀರಿ ಬೇರೆಯದನ್ನೂ ಒಳಗೊಳ್ಳುವ ದೋಷ ಬರುವುದಿಲ್ಲವೇ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಅದಕ್ಕಿಂತ ಮೊದಲೇ ಛಾವಣಿಯನ್ನು ಸರಿಪಡಿಸಿಕೊಂಡವರ ಉದಾಹರಣೆಯೊಂದು ಸಿಕ್ಕುವವರೆಗೆ ಆ ಭಯಕ್ಕೆ ಆಸ್ಪದವಿಲ್ಲ. ಹೊರಡುವ ದಿನ ಗೊತ್ತಾಗದ ವಾಹನದ ಛಾವಣಿ ಎಷ್ಟೇ ಸುರಿದರೂ ಅದನ್ನು ಲೋಕದಲ್ಲಿ ಯಾರೂ ಸೋರುವ ಛಾವಣಿಯೆಂದು ಕರೆಯುವುದಿಲ್ಲ. ಮುಹೂರ್ತ ಗೊತ್ತಾದ ಮೇಲಷ್ಟೇ ತೂತು ತೂತೆನಿಸಿಕೊಳ್ಳುತ್ತದೆ.

ಈ ಶಾಸ್ತ್ರದ ಅಧ್ಯಯನಕ್ಕೆ ದೇವನಹಳ್ಳಿ ತಾಲ್ಲೂಕಿನ ಆವತಿಗಿಂತ ಯೋಗ್ಯವಾದ ಕ್ಷೇತ್ರವಿಲ್ಲ. ರಾಷ್ಟ್ರೀಯ ಹೆದ್ದಾರಿ 44ರ ಮಗ್ಗುಲಲ್ಲಿರುವ ಈ ಊರಿನ ಚರಿತ್ರೆಯೇ ಬಂಡಿಗಳಿಂದ ಆರಂಭವಾಗುತ್ತದೆ. ಕಂಚಿಯ ಕಡೆಯ ಪಾಳೆಯಗಾರನೊಬ್ಬನು ರಣಬೈರೇಗೌಡನ ಮಗಳು ದೊಡ್ಡಮ್ಮನನ್ನು ಬಯಸಿದಾಗ ಆ ಗೌಡನು ಬಂಧುಬಳಗದೊಡನೆ ಬಂಡಿ ಕಟ್ಟಿಕೊಂಡು ಊರು ಬಿಟ್ಟನೆಂದೂ, ಪಾಲಾರ್ ನದಿಯ ಪ್ರವಾಹವು ದಾರಿಗೆ ಅಡ್ಡವಾದಾಗ ದೊಡ್ಡಮ್ಮನು ಕಿವಿಯ ಆಭರಣವನ್ನು ನೀರಿಗೆ ಹಾಕಿ ಗಂಗೆಯನ್ನು ಬೇಡಿಕೊಳ್ಳಲು ನದಿ ಇಬ್ಭಾಗವಾಯಿತೆಂದೂ, ಕೊನೆಗೆ ಅವರು ನಂದಿಯ ಪೂರ್ವಕ್ಕಿರುವ ಬೆಟ್ಟದ ತಪ್ಪಲಿನಲ್ಲಿ ಬೀಡುಬಿಟ್ಟು ಆವತಿಯಲ್ಲಿ ನೆಲೆಸಿದರೆಂದೂ ಐತಿಹ್ಯ ಹೇಳುತ್ತದೆ. ಬಿ.ಎಲ್. ರೈಸ್ ಅವರ ಗೆಜೆಟಿಯರ್ ಈ ಕಥೆಯನ್ನು ದಾಖಲಿಸಿದೆ. ಈ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದ್ದನ್ನೂ, ಯಲಹಂಕದ ಶಾಖೆಗೆ ಸೇರಿದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಗೆ ಕೈಹಾಕಿದ್ದನ್ನೂ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅಷ್ಟು ದೂರ ಬಂದ ಬಂಡಿಗಳ ಕಮಾನಿಗೆ, ಅಂದರೆ ಬಂಡಿಯ ಮೇಲೆ ಬಾಗಿಸಿ ಕಟ್ಟುವ ಹೊದಿಕೆಗೆ, ಹೊರಡುವ ಮುನ್ನ ತೇಪೆ ಹಾಕಿದವರು ಯಾರೆಂಬ ಬಗ್ಗೆ ಒಂದು ಶಾಸನವೂ ಇಲ್ಲ. ಕೋಟೆ ಕಟ್ಟಿದವರಿಗೆ ಪ್ರತಿಮೆಗಳಿವೆ, ಕಡೆಗೀಲಿಗೆ ವಚನಗಳಲ್ಲಿಯೇ ಜಾಗ ದೊರೆತಿದೆ; ಕಮಾನಿನ ಪಾಲಿಗೆ ಮಾತ್ರ ಇತಿಹಾಸಕಾರರ ಮೌನವೇ ಗತಿಯಾಗಿದೆ.

ಆ ಬಂಡಿಗಳಿಗೆ ಕಮಾನು ಇತ್ತೆಂಬುದಕ್ಕೆ ಏನು ಆಧಾರ ಎಂಬುದು ಇಲ್ಲಿಯ ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕಾಗಿಯೇ ಮುಂದಿಡುವ ಎದುರಾಳಿಯ ವಾದ. ಪಾಳೆಯಗಾರನ ಕಣ್ಣಿಗೆ ಬಿದ್ದ ಹೆಣ್ಣುಮಗಳನ್ನು ಗುಟ್ಟಾಗಿ ಸಾಗಿಸುವವರು ಬೋಳು ಬಂಡಿಯಲ್ಲಿ ಸಾಗಿಸಲಾರರು ಎಂಬುದೇ ಅದಕ್ಕೆ ಸಿದ್ಧಾಂತ. ಅಂಥ ಬಂಡಿಯ ಹೊದಿಕೆಯಲ್ಲಿ ತೂತಿದ್ದರೆ ಒಳಗೆ ನೀರು ಸೋರುವುದಷ್ಟೇ ಅಲ್ಲ, ಹೊರಗೆ ಗುಟ್ಟೂ ಸೋರುತ್ತಿತ್ತು. ಇನ್ನು ಮಳೆಯ ಪ್ರಶ್ನೆ. ಪಾಲಾರ್ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿಯೇ ಆದುದರಿಂದ, ತಮಿಳು ನಾಡಿನ ಬಯಲಿನಲ್ಲಿ ಬಂಡಿಗಳನ್ನು ತಡೆದು ನಿಲ್ಲಿಸಿದ ಪ್ರವಾಹದ ನೀರಿನಲ್ಲಿ ಒಂದಷ್ಟು ಪಾಲು ಅವರು ಹೋಗಿ ಸೇರಬೇಕಾಗಿದ್ದ ಬೆಟ್ಟಗಳ ಮೇಲೆಯೇ ಬಿದ್ದದ್ದೆಂದು ಊಹಿಸಬಹುದು. ಹಾಗಿದ್ದರೆ ವಲಸೆಗಾರರು ಮಳೆಗೆ ಬೆನ್ನು ಹಾಕಿ ಓಡಲಿಲ್ಲ, ಮಳೆ ಹೊರಟ ಜಾಗಕ್ಕೇ ಬಂಡಿ ಹೊಡೆದರು. ದೊಡ್ಡಮ್ಮನ ಪ್ರಾರ್ಥನೆಗೆ ನದಿಯ ನೀರು ಸರಿದು ದಾರಿ ಬಿಟ್ಟಿತೆಂದು ಐತಿಹ್ಯ ಹೇಳುತ್ತದೆಯೇ ಹೊರತು, ಮೇಲಿನಿಂದ ಬೀಳುವ ನೀರೂ ನಿಂತಿತೆಂದು ಎಲ್ಲಿಯೂ ಹೇಳುವುದಿಲ್ಲ. ನದಿಯ ವಿಚಾರ ಗಂಗೆಗೆ, ಛಾವಣಿಯ ವಿಚಾರ ಗಂಡಸರಿಗೆ ಎಂಬ ಕೆಲಸದ ಹಂಚಿಕೆ ಅಂದಿನಿಂದಲೇ ಬಂದಿರಬೇಕು.

ಕಮಾನು ಬಂಡಿಯ ತೇಪೆ ಸರಳವಾದುದಾಗಿತ್ತು. ಸೀಳಿದ ಬಿದಿರಿನ ದಬ್ಬೆಗಳನ್ನು ಬಾಗಿಸಿ ಎರಡೂ ಪಕ್ಕಕ್ಕೆ ಬಿಗಿದು, ಅಡ್ಡ ದಬ್ಬೆಗಳನ್ನು ಕತ್ತಾಳೆ ನಾರಿನಿಂದ ಕಟ್ಟಿ, ಮೇಲೆ ಚಾಪೆಯನ್ನೋ ಗೋಣಿತಾಟನ್ನೋ ಹೊದಿಸಿದರೆ ಕಮಾನು ಸಿದ್ಧವಾಗುತ್ತಿತ್ತು. ಚಾಪೆ ಮೊದಲು ಸವೆಯುವುದು ದಬ್ಬೆಯ ಮೇಲೆ ಉಜ್ಜುವ ಜಾಗದಲ್ಲಿ. ಅಲ್ಲಿಗೆ ಇನ್ನೊಂದು ಚಾಪೆಯ ತುಂಡನ್ನು ಮೇಲಿನ ಅಂಚು ಹಳೆಯ ಚಾಪೆಯ ಒಳಗೂ ಕೆಳಗಿನ ಅಂಚು ಹೊರಗೂ ಬರುವಂತೆ ಸೇರಿಸಿ ದಬ್ಬಳದಿಂದ ಹೊಲಿದರೆ ನೀರು ತಾನಾಗಿ ಜಾರಿ ಹೋಗುತ್ತದೆ. ಇದು ತಿರುವುಮುರುವಾದರೆ ತೇಪೆಯೇ ನೀರನ್ನು ಹಿಡಿದು ಒಳಗೆ ಕಳಿಸುತ್ತದೆ. ಸಮಸ್ತ ತೇಪೆಶಾಸ್ತ್ರವೂ ಈ ಒಂದು ಸೂತ್ರದ ಮೇಲೆ ನಿಂತಿದೆ, ಉಳಿದುದೆಲ್ಲ ವ್ಯಾಖ್ಯಾನ.

ವ್ಯಾಖ್ಯಾನಗಳು ಬೆಳೆದದ್ದು ತಗಡಿನ ಯುಗದಲ್ಲಿ. ಕುಕ್ಕೆ, ಧರ್ಮಸ್ಥಳಗಳಿಗೆ ಎರಡು ಮೂರು ಸಂಸಾರಗಳನ್ನು ಹೊತ್ತೊಯ್ಯುವ ಹಳೆಯ ಟೆಂಪೋವಿನ ಛಾವಣಿ ಮೂಲತಃ ಅಚ್ಛಿದ್ರ, ಅಂದರೆ ತೂತಿಲ್ಲದ್ದು. ಅದರ ಮೇಲೆ ಸಾಮಾನು ಹೇರಲೆಂದು ಮಾಲೀಕನೇ ಕ್ಯಾರಿಯರ್ ಕೂರಿಸಿ, ಬೋಲ್ಟುಗಳಿಗಾಗಿ ತೂತು ಕೊರೆಸುತ್ತಾನೆ. ಬೋಲ್ಟಿನ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ನಿಂತ ನೀರು ಬಣ್ಣದಡಿಗೆ ನುಸುಳಿ ತಗಡನ್ನು ತುಕ್ಕು ಹಿಡಿಸುತ್ತದೆ, ತುಕ್ಕು ಬಣ್ಣವನ್ನು ಹಪ್ಪಳದಂತೆ ಉಬ್ಬಿಸುತ್ತದೆ. ಉಬ್ಬನ್ನು ಬೆರಳಿನಿಂದ ಒತ್ತಿ ನೋಡುವ ಕುತೂಹಲಿಯ ಬೆರಳು ಆಚೆಗೆ ಹೋಗುತ್ತದೆ. ತೂತು ಮಾಡಿದವರು ಯಾರೆಂಬ ವಾದದಲ್ಲಿ ಸಾಮಾನ್ಯವಾಗಿ ಈ ಬೆರಳಿನವನೇ ಅಪರಾಧಿಯೆನಿಸಿಕೊಳ್ಳುತ್ತಾನೆ. ಕಾರ್ಯಕಾರಣ ಸಂಬಂಧದ ಬಗ್ಗೆ ನಮ್ಮ ಜನರ ತಿಳಿವಳಿಕೆ ಇನ್ನೂ ಸಾಲದು.

ಸೋರುವ ಜಾಗವನ್ನು ಪತ್ತೆಹಚ್ಚಲು ಮೂರು ಪ್ರಮಾಣಗಳನ್ನು, ಅಂದರೆ ತಿಳಿವಿನ ಸಾಧನಗಳನ್ನು ಬಳಸುತ್ತಾರೆ. ಹಗಲಿನಲ್ಲಿ ಒಳಗೆ ಕುಳಿತು ಬೆಳಕಿನ ಚುಕ್ಕೆಯನ್ನು ಹುಡುಕುವುದು ಪ್ರತ್ಯಕ್ಷ. ಆದರೆ ತಗಡಿನ ಕೆಳಗೆ ಹಲಗೆಯೂ ರೆಕ್ಸಿನ್ನೂ ಇರುವುದರಿಂದ ಈ ಪ್ರಮಾಣ ಫಲಿಸುವುದು ವಿರಳ. ಹಿಂದಿನ ಸೀಟಿನ ಅಜ್ಜಿ ‘ನನ್ ತಲೆ ಮ್ಯಾಲೇ ಬೀಳ್ತದೆ ಕಣಪ್ಪ’ ಎನ್ನುವುದು ಶಬ್ದ. ರೆಕ್ಸಿನ್ನಿನ ಮೇಲಿನ ಕಂದು ಕಲೆಯನ್ನು ಕಂಡು ಅದರ ನೆತ್ತಿಯ ಮೇಲೆಯೇ ತೂತಿದೆಯೆಂದು ತೀರ್ಮಾನಿಸುವುದು ಅನುಮಾನ, ಮತ್ತು ಬಹುಪಾಲು ತೇಪೆಗಳು ಕೆಡುವುದು ಇಲ್ಲಿಯೇ. ಹೊಗೆಯಿದ್ದಲ್ಲಿ ಬೆಂಕಿಯಿರಬಹುದು, ಆದರೆ ಹನಿಯಿದ್ದಲ್ಲಿ ತೂತಿರಬೇಕೆಂಬ ನಿಯಮವಿಲ್ಲ. ಒಳಗೆ ಇಳಿದ ನೀರು ಛಾವಣಿಯ ಅಡ್ಡಪಟ್ಟಿಯ ತಳವನ್ನು ಹಿಡಿದು ಇಳಿಜಾರು ಇದ್ದತ್ತ ಹರಿದು, ಸ್ಕ್ರೂವೋ ಜೋಡಣೆಯೋ ಅಡ್ಡ ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ. ಗಾಡಿ ಏರು ಹತ್ತುವಾಗ ಹಿಂದೆಯೂ ಇಳಿಯುವಾಗ ಮುಂದೆಯೂ ಸೋರುವುದಕ್ಕೆ ಒಂದೇ ತೂತು ಸಾಕು. ಇದನ್ನು ಅರಿಯದೆ ಎರಡು ಕಡೆ ತೇಪೆ ಹಾಕಿಸಿ ಮೂರನೆಯ ಕಡೆಯ ನಿಜವಾದ ತೂತನ್ನು ಹಾಗೆಯೇ ಬಿಟ್ಟವರ ಸಂಖ್ಯೆ ದೊಡ್ಡದು.

ಪರಿಹಾರದ ವಿಷಯದಲ್ಲಿ ಪಂಥಗಳು ಹಲವು. ಎಂ-ಸೀಲ್ ಪಂಥದವರು ಎರಡು ಬಣ್ಣದ ಮುದ್ದೆಗಳನ್ನು ಸಮಪ್ರಮಾಣದಲ್ಲಿ ನಾದಿ ಒಂದೇ ಬಣ್ಣವಾದ ಮೇಲೆ ತೂತಿಗೆ ಒತ್ತುತ್ತಾರೆ. ಅದು ಗಟ್ಟಿಯಾಗುವುದೇ ಅದರ ಗುಣ, ಗಟ್ಟಿಯಾಗುವುದೇ ಅದರ ದೋಷ, ಏಕೆಂದರೆ ದಾರಿಯುದ್ದಕ್ಕೂ ಅದುರುವ ತೆಳು ತಗಡಿನ ಜೊತೆ ಅದು ಬಾಗುವುದಿಲ್ಲ. ಸಿಲಿಕೋನ್ ಪಂಥದವರ ಲೇಪ ಬಾಗುತ್ತದೆ, ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಡಾಂಬರು ಪಂಥದವರದು ಅಗ್ಗ. ಬಿಸಿಲೇರಿದಾಗ ಅದು ಕರಗಿ ಮೇಲೆ ಹೇರಿದ ಹಾಸಿಗೆಗೆ ಮೆತ್ತಿಕೊಳ್ಳುತ್ತದೆ. ಗ್ಯಾಸ್ ವೆಲ್ಡಿಂಗ್ ಪಂಥವನ್ನು ಇಲ್ಲಿ ಹೆಸರಿಸಿದರೆ ಸಾಕು, ತುಕ್ಕು ತಿಂದ ತಗಡಿಗೆ ಬೆಂಕಿ ಹಿಡಿದಾಗ ತೂತು ಮುಚ್ಚಿಕೊಳ್ಳುವ ಬದಲು ಸಂಸಾರ ಬೆಳೆಸಿಕೊಳ್ಳುತ್ತದೆ. ಇವರೆಲ್ಲರನ್ನೂ ಭ್ರಾಂತರೆಂದು ಭಾವಿಸುವ ಸಿಲ್ಪಾಲಿನ್ ಪಂಥದವರು ತೂತಿನ ಗೊಡವೆಗೇ ಹೋಗದೆ ಇಡೀ ಛಾವಣಿಗೆ ನೀಲಿ ಹೊದಿಕೆ ಹಾಕಿ ಹಗ್ಗ ಬಿಗಿಯುತ್ತಾರೆ. ತಾತ್ವಿಕವಾಗಿ ಇದು ಅದ್ವೈತಕ್ಕೆ ಹತ್ತಿರದ ನಿಲುವು; ಹೆದ್ದಾರಿಯ ವೇಗದಲ್ಲಿ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಬಡಿಯತೊಡಗಿದಾಗ ದ್ವೈತ ತಾನಾಗಿ ಸಿದ್ಧಿಸುತ್ತದೆ.

ಯಾವ ಪಂಥವಾದರೂ ಒಪ್ಪುವ ಸಂಗತಿಯೊಂದಿದೆ: ತುಕ್ಕನ್ನು ಎಮರಿ ಕಾಗದದಿಂದ ಹೊಳಪು ಕಾಣುವವರೆಗೆ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ, ರೆಡ್ ಆಕ್ಸೈಡ್ ಬಳಿದು, ಅದೂ ಆರಿದ ಮೇಲೆ ತೇಪೆ ಹಾಕಬೇಕು. ಇದಕ್ಕೆ ಬೇಕಾದದ್ದು ಒಂದೆರಡು ದಿನದ ಬಿಸಿಲು. ಇರುವುದು ಒಂದು ಸಂಜೆ, ಅದೂ ಮೋಡ ಕವಿದದ್ದು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಹಿರಿಯರು ಹಂಗಿಸಿದ ಈ ಇಕ್ಕಟ್ಟನ್ನು ಟಿಂಕರಿಂಗ್ ಅಂಗಡಿಯ ಪರಂಪರೆಯು ಒಂದು ಮಹಾವಾಕ್ಯದಿಂದ ದಾಟುತ್ತದೆ. ಮಾಲೀಕನು ‘ಅಣ್ಣ, ಬೆಳಗ್ಗೆ ನಾಲ್ಕಕ್ಕೆ ಬಿಡ್ಬೇಕು, ಅಷ್ಟರೊಳಗೆ ಒಣಗ್ತದಾ?’ ಎಂದು ಕೇಳುತ್ತಾನೆ. ತಜ್ಞನು ಛಾವಣಿಯ ಮೇಲಿನಿಂದಲೇ, ಕೆಳಗೆ ನೋಡದೆ, ‘ಆಗೋಯ್ತದೆ ಬಿಡಣ್ಣ’ ಎನ್ನುತ್ತಾನೆ. ಏನು ಆಗಿಹೋಗುತ್ತದೆಂಬುದನ್ನು ವಾಕ್ಯವು ಹೇಳದೆ ಬಿಟ್ಟಿರುವುದು ಅದರ ಸೊಗಸು.

ಮರುದಿನದ ಪರೀಕ್ಷಾವಿಧಿಯೂ ವಿವೇಚನೆಗೆ ಅರ್ಹವಾಗಿದೆ. ಮನೆಯ ಮುಂದೆ ನಿಂತ ಗಾಡಿಯ ಮೇಲೆ ಒಂದು ಬಿಂದಿಗೆ ನೀರು ಸುರಿದು, ಒಳಗೆ ಹನಿ ಬೀಳದಿದ್ದರೆ ಕಾಯಿ ಒಡೆದು ಹೊರಡುವುದು ರೂಢಿ. ಆದರೆ ಕುಕ್ಕೆ, ಧರ್ಮಸ್ಥಳಗಳಿರುವ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3500 ಮಿ.ಮೀ.ಗೂ ಮಿಗಿಲಾದ ಮಳೆ ಬಿದ್ದರೆ ದೇವನಹಳ್ಳಿಯ ಕಡೆ ಅದರ ಕಾಲುಭಾಗದ ಆಸುಪಾಸು ಬೀಳುತ್ತದೆ. ನಿಂತ ಗಾಡಿಯ ಮೇಲೆ ನೀರು ನೆಟ್ಟಗೆ ಬಿದ್ದರೆ ಓಡುವ ಗಾಡಿಗೆ ಎದುರಿನಿಂದ ರಾಚಿ, ತೇಪೆಯ ಮುಂದಿನ ಅಂಚಿನಡಿಗೆ ಗಾಳಿಯೇ ಅದನ್ನು ತಳ್ಳುತ್ತದೆ. ಆವತಿಯ ಬಿಂದಿಗೆ ಕೊಟ್ಟ ಅರ್ಹತಾಪತ್ರವನ್ನು ದಾರಿಯಲ್ಲಿ ಸಿಗುವ ಶಿರಾಡಿ ಘಾಟಿ ಮಾನ್ಯ ಮಾಡುವುದಿಲ್ಲ.

ಆದಕಾರಣ ಸೋರುವ ಸೀಟಿನಲ್ಲಿ ಯಾರು ಕೂರಬೇಕೆಂಬುದು ಈ ಶಾಸ್ತ್ರದ ಕೊನೆಯ ಅಧಿಕರಣ, ಅಂದರೆ ನಿರ್ಣಯಕ್ಕೆ ಎತ್ತಿಕೊಳ್ಳುವ ವಿಷಯ. ಹಿರಿಯರನ್ನು ಕೂರಿಸುವಂತಿಲ್ಲ, ಮಕ್ಕಳಿಗೆ ನೆಗಡಿಯಾಗುತ್ತದೆ, ಹೊಸ ಅಳಿಯನನ್ನು ಕೂರಿಸಿದರೆ ಬೀಗರಲ್ಲಿ ಮಾತು ಬರುತ್ತದೆ, ತೇಪೆ ಹಾಕಿದವನನ್ನೇ ಕೂರಿಸೋಣವೆಂದರೆ ‘ಅಂಗಡಿ ಬಿಟ್ ಬರಕ್ಕಾಗಲ್ಲಣ್ಣ’ ಎಂದು ಆತನು ಮೊದಲೇ ತಪ್ಪಿಸಿಕೊಂಡಿರುತ್ತಾನೆ. ಎಲ್ಲ ಪಕ್ಷಗಳೂ ಬಿದ್ದುಹೋದ ಮೇಲೆ ಪ್ರಯಾಣದ ಅಡುಗೆಗೆಂದು ತಂದ ದೊಡ್ಡ ಕೊಳಗವನ್ನು ಆ ಸೀಟಿನ ಮೇಲೆ ಬಾಯಿ ಮೇಲಾಗಿ ಇಡುವುದು ಸರ್ವಸಮ್ಮತವಾದ ನಿರ್ಣಯ. ಸಕಲೇಶಪುರ ದಾಟಿದ ಮೇಲೆ ಅದರಲ್ಲಿ ಸೇರುವ ನೀರು ತುಕ್ಕು ಬೆರೆತು ಆಗಲೇ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ಸಕ್ಕರೆಯನ್ನಷ್ಟೇ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಪಾಕಶಾಸ್ತ್ರಕ್ಕೆ ಸೇರಿದ್ದಾದುದರಿಂದ ಪ್ರಕೃತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.